ಬಿಸಿಲುಂಡ ಎಲೆ, ಬಾಯಾರಿದ ಬೇರು

ಕೇಳುಗರೇ, ನಮಸ್ಕಾರ. ಬಿಸಿಲು ಮತ್ತು ನೀರಿನ ಕೊರತೆ ಔಷಧಿ ಗಿಡಗಳನ್ನು ಹೇಗೆ ಬದಲಿಸುತ್ತವೆ ಎಂಬುದು ಇಂದಿನ ಮಾತು.

ಒಂದೇ ದೊಡ್ಡಪತ್ರೆ ಗಿಡದ ಎರಡು ಕಡ್ಡಿ ಮುರಿದು, ಒಂದನ್ನು ಬಚ್ಚಲ ನೀರು ಹರಿಯುವ ನೆರಳಲ್ಲಿ, ಇನ್ನೊಂದನ್ನು ಮಾಳಿಗೆಯ ಕುಂಡದಲ್ಲಿ ನೆಟ್ಟು ನೋಡಿ. ನೆರಳಿನದು ಅಗಲವಾದ ತೆಳು ಎಲೆ ಬಿಡುತ್ತದೆ. ಮಾಳಿಗೆಯದು ಚಿಕ್ಕದು, ದಪ್ಪ. ಹಿಸುಕಿದರೆ ಘಾಟು ಮೂಗಿಗೆ ಅಡರುತ್ತದೆ.

ನೀರು ಸಾಲದಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ ಪತ್ರರಂಧ್ರಗಳು, ಅಂದರೆ ಎಲೆ ಉಸಿರಾಡುವ ಸಣ್ಣ ಕಂಡಿಗಳು, ಮುಚ್ಚುತ್ತವೆ. ನೀರೇನೋ ಉಳಿಯಿತು, ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಕಡಿಮೆಯಾಯಿತು. ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಆ ಶಕ್ತಿಯಿಂದ ಆಮ್ಲಜನಕದ ಉಗ್ರ ರೂಪಗಳು ಹುಟ್ಟಿ ಜೀವಕೋಶದ ಪೊರೆಯನ್ನು ಕೆಡಿಸುತ್ತವೆ. ಅವುಗಳನ್ನು ತಣಿಸಲು ಗಿಡ ಪ್ರೋಲಿನ್, ಫೀನಾಲ್‌ಗಳೆಂಬ ರಕ್ಷಕ ವಸ್ತುಗಳನ್ನು ಕೂಡಿಡುತ್ತದೆ. ನಾವು ಔಷಧವೆಂದು ಕರೆಯುವ ಎಷ್ಟೋ ವಸ್ತುಗಳು ಗಿಡದ ಇಂಥ ರಕ್ಷಣೆಯವೇ.

ಅತಿನೇರಳೆ ಬಿ ಕಿರಣಗಳದ್ದು, ಅಂದರೆ 280ರಿಂದ 315 ನ್ಯಾನೊಮೀಟರಿನವುಗಳದ್ದು, ಬೇರೆ ಕಾಟ. ಅವು ಡಿಎನ್‌ಎಗೇ ಪೆಟ್ಟು ಕೊಡುತ್ತವೆ. ಎಲೆಯ ಹೊರಪದರದಲ್ಲಿ ಈ ಕಿರಣ ಹೀರುವ ಫ್ಲೇವನಾಯ್ಡ್ ಎಂಬ ವಸ್ತು ತುಂಬಿಕೊಂಡು ಗಿಡ ತನಗೆ ತಾನೇ ಕೊಡೆ ಹಿಡಿಯುತ್ತದೆ. ಮಾಮೂಲಿ ಗಾಜು ಈ ಕಿರಣವನ್ನು ಬಹುಪಾಲು ತಡೆಯುತ್ತದೆ, ಪಾಲಿಹೌಸಿನ ಅನೇಕ ಹಾಳೆಗಳೂ ಅಷ್ಟೇ. ಆದ್ದರಿಂದ ಒಳಗೆ ಬೆಳೆದ ತುಳಸಿ ಸಸಿಗೆ ಆ ಕೊಡೆ ಅಷ್ಟಾಗಿ ಇರುವುದಿಲ್ಲ. ನೇರ ಹೊಲಕ್ಕೆ ಒಯ್ದರೆ ಎಲೆ ಬಿಳಿಚಿ ಸುಡಬಹುದು. ಏಳರಿಂದ ಹತ್ತು ದಿನ ಬೆಳಗಿನ ಎಳೆಬಿಸಿಲಿನಿಂದ ಶುರುಮಾಡಿ, ದಿನವೂ ಸ್ವಲ್ಪ ಹೆಚ್ಚು ಹೊತ್ತು ಹೊರಗಿಟ್ಟು ಹದಗೊಳಿಸಿ.

ಹಾಗಾದರೆ ನೀರು ನಿಲ್ಲಿಸಿದರೆ ಲಾಭವೇ? ಇಲ್ಲೇ ಬಹಳ ಮಂದಿ ಎಡವುವುದು. ಲೆಕ್ಕಕ್ಕೆ ಹೇಳುತ್ತೇನೆ: 10 ಗ್ರಾಂ ಬೇರಿನಲ್ಲಿ ಔಷಧದ ಸಾರ ಶೇಕಡಾ 0.5 ಇದ್ದರೆ ಸಿಗುವುದು 50 ಮಿಲಿಗ್ರಾಂ. ನೀರಿಲ್ಲದೆ ಸೊರಗಿದ ಬೇರು 6 ಗ್ರಾಂಗೆ ಇಳಿದು ಸಾರ 0.7ಕ್ಕೇರಿದರೂ ಬರುವುದು 42 ಮಾತ್ರ. ಶೇಕಡಾವಾರು ಏರಿತು, ಇಳುವರಿ ಜಾರಿತು.

ಅಶ್ವಗಂಧಕ್ಕೆ ಮೊಳಕೆಯಿಂದ ಮೊದಲ ತಿಂಗಳವರೆಗೆ ತೇವ ಬೇಕೇಬೇಕು, ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ. 150ರಿಂದ 180 ದಿನಕ್ಕೆ ಎಲೆ ಒಣಗಿ ಕಾಯಿ ಕೆಂಪಾಗುತ್ತದೆ, ಬೇರು ಕೀಳುವ ಹೊತ್ತು ಅದೇ. ಬಾಯಾರಿಸುವುದಿದ್ದರೆ ಬೇರು ತುಂಬಿಕೊಂಡ ಮೇಲೆ, ಆ ಕೊನೆಯ ವಾರಗಳಲ್ಲಿ ಮಾತ್ರ. ಅಳತೆಗೋಲು ಎಲೆಯೇ: ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಚಿಂತೆಯಿಲ್ಲ. ಸೂರ್ಯ ಹುಟ್ಟುವ ಮೊದಲೂ ಜೋತುಬಿದ್ದಿದ್ದರೆ ಮಿತಿ ದಾಟಿದೆ, ಅಂದೇ ನೀರು ಹಾಯಿಸಿ.

ಒಂದೆಲಗಕ್ಕೆ ಈ ಪ್ರಯೋಗವೇ ಬೇಡ. ಅದು ಜೌಗಿನ ಗಿಡ. ಬದು ಒಣಗಿದರೆ ಬಳ್ಳಿಯೂ ಒಣಗುತ್ತದೆ.

ನಮಸ್ಕಾರ.