ಮಾಡುವುದು ಬೇರೆ, ಮುಟ್ಟಿಸುವುದು ಬೇರೆ

ಕೇಳುಗರಿಗೆ ನಮಸ್ಕಾರ. ತೊಗರಿ ರಾಶಿ ಮಾಡಿದವರು ನಮ್ಮ ಕಲಬುರಗಿ ಸೀಮೆಯಲ್ಲಿ ಮನೆಗೊಬ್ಬರಾದರೂ ಇದ್ದೀರಿ. ನಿಮಗೊಂದು ಪ್ರಶ್ನೆ. ರಾಶಿ ಮುಗಿಯಿತು, ಚೀಲ ತುಂಬಿ ಬಾಯಿ ಹೊಲಿದದ್ದೂ ಆಯಿತು, ಆದರೆ ಗಾಡಿ ಬರಲಿಲ್ಲ. ಚೀಲ ಹೊಲದಲ್ಲೇ ಕುಳಿತರೆ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಯಾರಾದರೂ ದುಡ್ಡು ಎಣಿಸಿ ಕೊಡುತ್ತಾರೆಯೇ? ಇಲ್ಲ. ಮಾಡುವುದು ಬೇರೆ, ಮುಟ್ಟಿಸುವುದು ಬೇರೆ. ನಿಮ್ಮ ಮೈಯೊಳಗಿನ ಜೀವಕೋಶದ ಬಗ್ಗೆ ಇವತ್ತು ನಾನು ಹೇಳುವುದೂ ಇದೊಂದೇ ಮಾತು.

ಜೀವಕೋಶ ಬರೆಯಿರಿ ಎಂದರೆ ಶಾಲೆಯಲ್ಲಿ ಮಕ್ಕಳು ದುಂಡನೆಯ ಗೆರೆ ಎಳೆದು ನಡುವೆ ಒಂದು ಚುಕ್ಕೆ ಇಡುತ್ತಾರೆ. ನಾವೂ ಪೂರ್ತಿ ಅಂಕ ಕೊಟ್ಟುಬಿಡುತ್ತೇವೆ. ಶಿಕ್ಷಕರೇ, ದಯವಿಟ್ಟು ಅಷ್ಟಕ್ಕೆ ಬಿಡಬೇಡಿ. ಆ ದುಂಡಿನೊಳಗೆ ಸುಗ್ಗಿಯ ಗಂಜಿನಷ್ಟು ಓಡಾಟವಿದೆ. ಶುಗರ್ ಇರುವವರಿಗೆ ಇನ್ಸುಲಿನ್ ಗೊತ್ತು. ಮೇದೋಜ್ಜೀರಕ ಗ್ರಂಥಿಯ ಕೆಲವು ಕೋಶಗಳು ಅದನ್ನು ಮಾಡುತ್ತವೆ. ಕೋಶದ ಒಂದು ಮೂಲೆಯಲ್ಲಿ ಹುಟ್ಟಿ, ಗಾಲ್ಜಿ ಎಂಬ ಕಟ್ಟೆಗೆ ಬಂದು, ಅಲ್ಲಿ ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಹೊರಪೊರೆಯ ಹತ್ತಿರ ಕಾಯುತ್ತದೆ. ನೀವು ರೊಟ್ಟಿ ಉಂಡಿರಿ, ರಕ್ತದಲ್ಲಿ ಸಕ್ಕರೆ ಏರಿತು, ಚೀಲ ಪೊರೆಗೆ ಕೂಡಿ ಬಿಚ್ಚಿಕೊಂಡಿತು. ಬಿಚ್ಚದಿದ್ದರೆ? ಒಳಗೆ ಎಷ್ಟು ಇನ್ಸುಲಿನ್ ಇದ್ದರೂ ನಿಮಗೆ ದಕ್ಕದು.

ಕೋಶದೊಳಗಿನ ಈ ದಾರಿಯನ್ನು ತೋರಿಸಿಕೊಟ್ಟವರು ವಿಜ್ಞಾನಿ ಜಾರ್ಜ್ ಪಲಾಡೆ. 1974ರಲ್ಲಿ ಅವರಿಗೆ ನೊಬೆಲ್ ಬಂತು. ದಾರಿಯೇನೋ ಸಿಕ್ಕಿತು, ಆದರೆ ಚೀಲ ಹೊರುವ ಹಮಾಲರು ಯಾರು? ಅಮೆರಿಕದ ಬರ್ಕ್ಲಿಯಲ್ಲಿ ವಿಜ್ಞಾನಿ ರ್ಯಾಂಡಿ ಶೆಕ್‌ಮನ್ ಮತ್ತು ಅವರ ಶಿಷ್ಯ ಪೀಟರ್ ನೋವಿಕ್, ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ ಹುಡುಕಿದರು. 25 ಡಿಗ್ರಿಯಲ್ಲಿ ಸುಮ್ಮನೆ ಬೆಳೆಯುವ, 37ಕ್ಕೆ ಏರಿಸಿದರೆ ಸಾಗಾಟ ನಿಲ್ಲಿಸಿಬಿಡುವ ತಳಿಗಳನ್ನು ಹೆಕ್ಕಿದರು. 1980ರ ಹೊತ್ತಿಗೆ, ಕೆಟ್ಟರೆ ಸಾಗಾಟ ನಿಲ್ಲುವಂಥ 23 ಜೀನುಗಳು ಸಿಕ್ಕಿದ್ದವು. ಮೊದಲನೆಯದು ಸೆಕ್ 1.

ಆ ಜೀನು ಕೆಟ್ಟ ಸೆಕ್ 1 ತಳಿ ನನ್ನ ಕೈಗೂ ಬಂದಿತ್ತು. ನಾನಾಗ ಸಂಶೋಧನಾ ವಿದ್ಯಾರ್ಥಿನಿ, ಲ್ಯಾಬು ಮೇಲಿನ ಮಹಡಿಯಲ್ಲಿ. ಕಲಬುರಗಿಯ ಮೇ ತಿಂಗಳಲ್ಲಿ 25 ಡಿಗ್ರಿ ಬೇಕೆಂದರೆ ಏ.ಸಿ.ಯೇ ಗತಿ. ಊಟ ಮುಗಿಸಿ ಬರುವಷ್ಟರಲ್ಲಿ ಅಟೆಂಡರ್ ಅಣ್ಣ ಬಾಗಿಲಲ್ಲೇ ನಿಂತಿದ್ದರು. "ಮೇಡಂ, ಏ.ಸಿ. ಬಂದ್ ಆಗಿ ಎರಡ್ ತಾಸ್ ಆತ್ರಿ. ಒಳಗ ಕಾದ ಹಂಚ್ ಆಗ್ಯಾದ." ಥರ್ಮಾಮೀಟರ್ 38 ತೋರಿಸುತ್ತಿತ್ತು. ನನಗೆ ಅಳುವೇ ಬಂತು. "ಸತ್ತಾವೇನ್ರಿ?" ಎಂದರು ಅವರು.

ನೋಡಿಯೇ ಬಿಡೋಣ ಎಂದು ಕುಳಿತೆ. ಯೀಸ್ಟು ಸಕ್ಕರೆ ಒಡೆಯಲು ಇನ್ವರ್ಟೇಸ್ ಎಂಬ ಕಿಣ್ವವನ್ನು ಪೊರೆಯಾಚೆ ಕಳಿಸುತ್ತದೆ. ಅದು ಇದ್ದರೆ ನಮ್ಮ ಪರೀಕ್ಷೆಯಲ್ಲಿ ಬಣ್ಣ ಬರಬೇಕು. ಹೊರಗಿನದನ್ನು ಪರೀಕ್ಷಿಸಿದೆ, ಬಣ್ಣವೇ ಇಲ್ಲ. ಕೋಶ ಒಡೆದು ಪರೀಕ್ಷಿಸಿದೆ, ಗಾಢ ಬಣ್ಣ! ಅದೇ ಸೆಕೆಯಲ್ಲಿ ಪಕ್ಕದಲ್ಲಿದ್ದ ಮಾಮೂಲಿ ಯೀಸ್ಟು ತನ್ನ ಪಾಡಿಗೆ ಹೊರಗೆ ಕಳಿಸುತ್ತಲೇ ಇತ್ತು. ಸೆಕ್ 1 ಮಾತ್ರ ಚೀಲ ಪೇರಿಸಿಕೊಂಡು ಕುಳಿತಿತ್ತು. ಇನ್ನು ಹೊಸದಾಗಿ ಏನೂ ತಯಾರಾಗದಂತೆ ಒಂದು ಔಷಧಿ ಹಾಕಿ, ಫ್ಲಾಸ್ಕನ್ನು ಐಸು ಬೆರೆಸಿದ ನೀರಿನಲ್ಲಿಟ್ಟು 25ಕ್ಕೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಹೊರಗೂ ಬಣ್ಣ ಬಂತು. ಎಲ್ಲ ಹಳೆಯ ಮಾಲೇ! ಅಟೆಂಡರ್ ಅಣ್ಣ ನೋಡಿ, "ಅಂದ್ರ ಈಗ ಗಾಡಿ ಬಂತ್ರಿ" ಎಂದರು. ಇಷ್ಟು ವರ್ಷ ಪಾಠ ಮಾಡಿದರೂ ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ. ಮಾಡುವುದು ಬೇರೆ, ಮುಟ್ಟಿಸುವುದು ಬೇರೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಯಾವ ಚೀಲ ಯಾವ ಪೊರೆಗೆ ಕೂಡಬೇಕು ಎಂದು ಗೊತ್ತುಮಾಡುವ ಕೊಂಡಿಗಳನ್ನು ವಿಜ್ಞಾನಿ ಜೇಮ್ಸ್ ರಾಥ್‌ಮನ್ ಬಿಡಿಸಿ ತೋರಿಸಿದರು. ನರಕೋಶದಲ್ಲಿ ಕ್ಯಾಲ್ಸಿಯಂ ಬಂದ ಕ್ಷಣಕ್ಕೆ ಚೀಲ ಬಿಚ್ಚುವುದನ್ನು ಇನ್ನೊಬ್ಬ ವಿಜ್ಞಾನಿ ಥಾಮಸ್ ಸುಡಾಫ್ ವಿವರಿಸಿದರು. ಶೆಕ್‌ಮನ್ ಸೇರಿ ಮೂವರಿಗೂ 2013ರಲ್ಲಿ ನೊಬೆಲ್ ಬಂತು.

ಯೀಸ್ಟಿನ ಕಥೆ ನಮಗೇಕೆ ಎನ್ನುವವರಿಗೆ ಒಂದು ಮಾತು. ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ತಯಾರಾದದ್ದು ಯೀಸ್ಟಿನಲ್ಲೇ. ಬ್ರೆಡ್ಡಿನದಲ್ಲ, ಅದರ ಬಳಗದ ಇನ್ನೊಂದು ಯೀಸ್ಟು. ಅದು ಇನ್ಸುಲಿನ್ನಿನ ಮೊದಲ ರೂಪವನ್ನು ತನ್ನ ಚೀಲಗಳಲ್ಲಿ ತುಂಬಿ ಹೊರಗೆ ಬಿಡುತ್ತದೆ, ಯೀಸ್ಟು ಬೆಳೆದ ನೀರಿನಿಂದ ಅದನ್ನು ಬೇರ್ಪಡಿಸಿ ತೆಗೆಯುತ್ತಾರೆ. ನಮಸ್ಕಾರ.