ಗೋಡೆಯೊಳಗಿನ ಉದ್ದ ಕಲ್ಲು: ಭೂಕಂಪದ ನಂತರದ ನೇಪಾಳ

ಕೇಳುಗರೆಲ್ಲರಿಗೂ ನಮಸ್ಕಾರ.

2015ರ ಏಪ್ರಿಲ್ 25, ಶನಿವಾರ. ನೇಪಾಳದಲ್ಲಿ ನಡುಮಧ್ಯಾಹ್ನಕ್ಕೆ ಇನ್ನು ನಾಲ್ಕು ನಿಮಿಷ ಬಾಕಿ. ಗೋರ್ಖಾ ಜಿಲ್ಲೆಯ ಬಾರ್ಪಾಕ್ ಊರಿನ ಬಳಿ ನೆಲ ಅಲುಗಿತು. ತೀವ್ರತೆ 7.8. ಮೇ 12ರಂದು 7.3ರ ಇನ್ನೊಂದು ಏಟು. ಹತ್ತಿರ ಹತ್ತಿರ 9,000 ಜನ ಪ್ರಾಣ ಕಳೆದುಕೊಂಡರು, ಸುಮಾರು 5 ಲಕ್ಷ ಮನೆಗಳು ನೆಲಸಮವಾದವು. ಶನಿವಾರ ಅಲ್ಲಿ ವಾರದ ರಜೆ. ಅಂದು ಸಾವಿರಾರು ತರಗತಿ ಕೋಣೆಗಳು ಕುಸಿದವು. ಅವುಗಳಲ್ಲಿ ಮಕ್ಕಳು ಕೂತಿದ್ದರೆ ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಇಷ್ಟೊಂದು ಮನೆಗಳು ಏಕೆ ಬಿದ್ದವು? ಕಲ್ಲಿನಿಂದಲ್ಲ, ಮಣ್ಣಿನಿಂದಲೂ ಅಲ್ಲ. ಕಲ್ಲನ್ನು ಜೋಡಿಸಿದ ರೀತಿಯಿಂದ. ಬೆಟ್ಟದ ಹಳ್ಳಿಗಳ ಗೋಡೆ ಒಂದೂವರೆ ಅಡಿಗೂ ಮೀರಿ ದಪ್ಪ. ನೋಡಲು ಕೋಟೆಯಂತೆ ಕಂಡರೂ ಅದು ವಾಸ್ತವದಲ್ಲಿ ಎರಡು ತೆಳು ಗೋಡೆ: ಹೊರಮೈಗೊಂದು ಸಾಲು ಕಲ್ಲು, ಒಳಮೈಗೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ನೆಲ ಅಲುಗಿದಾಗ ಎರಡೂ ಸಾಲುಗಳು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಗೋಡೆ ಉಬ್ಬುತ್ತದೆ, ಹೊರಮೈ ಕಳಚಿ ಅಂಗಳಕ್ಕೆ ಸುರಿಯುತ್ತದೆ, ಮೂಲೆಗಳು ಬಿಟ್ಟುಕೊಳ್ಳುತ್ತವೆ, ಸೂರು ಕೆಳಗಿಳಿಯುತ್ತದೆ.

ಪರಿಹಾರವೂ ಆ ಗೋಡೆಯಲ್ಲೇ ಇದೆ. ಅಲ್ಲಲ್ಲಿ ಒಂದು ಉದ್ದ ಕಲ್ಲನ್ನು ಗೋಡೆಯ ಈ ಮೈಯಿಂದ ಆ ಮೈಗೆ ಹಾಯುವಂತೆ ಇಡಬೇಕು. ಮೂಲೆಗಳಲ್ಲಿ ಕಲ್ಲುಗಳು ಒಂದನ್ನೊಂದು ಕಚ್ಚಿಕೊಳ್ಳಬೇಕು. ಕಿಟಕಿಯ ಕೆಳಗೆ, ಬಾಗಿಲಿನ ಮೇಲೆ, ಸೂರಿನ ಬುಡದಲ್ಲಿ ಇಡೀ ಮನೆಯನ್ನು ಸುತ್ತುವರಿಯುವ ಮರದ ಅಥವಾ ಕಾಂಕ್ರೀಟಿನ ಪಟ್ಟಿ ಬರಬೇಕು. ಸೊಂಟಕ್ಕೆ ಬಿಗಿದ ನಡುಕಟ್ಟಿನಂತೆ ಅದು ನಾಲ್ಕೂ ಗೋಡೆಗಳನ್ನು ಒಂದಾಗಿ ಹಿಡಿಯುತ್ತದೆ. ಸೂರಿನ ಅಡಿಯ ತ್ರಿಕೋನ ಭಾಗಕ್ಕೆ ಕಲ್ಲು ಪೇರಿಸದೆ ಹಗುರ ತಗಡು ಅಥವಾ ಹಲಗೆ ಹೊದಿಸಬೇಕು. ಬಿದ್ದ ಮನೆಯ ಕಲ್ಲೇ ಮತ್ತೆ ಬಳಕೆಗೆ ಬರುತ್ತದೆ. ರಸ್ತೆಯೇ ಇಲ್ಲದ ಊರಿಗೆ ಸಿಮೆಂಟು ಮೂಟೆಗಳನ್ನು ಹೇಸರಗತ್ತೆಯ ಮೇಲೆ ಹೇರಿ ತರುವವನಿಗೆ ಈ ಮಾತಿನ ಬೆಲೆ ಗೊತ್ತು.

ನೇಪಾಳ ಆಯ್ದುಕೊಂಡ ಹಾದಿಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು: ಗುತ್ತಿಗೆದಾರರಿಂದ ಸಾಲು ಮನೆ ಕಟ್ಟಿಸಿ ಬೀಗದ ಕೈ ಹಂಚುವ ಬದಲು, ಮನೆಯವರೇ ತಮ್ಮ ಮನೆ ಕಟ್ಟಿಕೊಳ್ಳಲಿ ಎಂದು ಸರ್ಕಾರ ತೀರ್ಮಾನಿಸಿತು. ಮನೆಯೊಂದಕ್ಕೆ ಮೊದಲು 2 ಲಕ್ಷ, ಮುಂದೆ 3 ಲಕ್ಷ ನೇಪಾಳಿ ರೂಪಾಯಿ ಅನುದಾನ, ಅದೂ ಮೂರು ಕಂತುಗಳಲ್ಲಿ. ಮೊದಲ 50,000 ಕೈ ಸೇರಿದ ಮೇಲೆ ಅಡಿಪಾಯ. ಎಂಜಿನಿಯರ್ ಬಂದು ನೋಡಿ ಒಪ್ಪಿದರೆ ಮಾತ್ರ ಮುಂದಿನ ಕಂತು. ಹೀಗೆ ಹಣದ ಜೊತೆಯಲ್ಲೇ ವಿದ್ಯೆಯೂ ಊರೂರಿಗೆ ನಡೆದುಹೋಯಿತು. ದುಡಿಯುವ ವಯಸ್ಸಿನ ಗಂಡಸರು ಕೊಲ್ಲಿ ದೇಶಗಳಲ್ಲೂ ಮಲೇಷ್ಯಾದಲ್ಲೂ ಕೂಲಿಯಲ್ಲಿದ್ದರು. ಊರಲ್ಲಿ ಉಳಿದಿದ್ದ ಎಷ್ಟೋ ಹೆಂಗಸರು ತರಬೇತಿ ಪಡೆದು ಗಾರೆ ಕೆಲಸಕ್ಕೆ ಇಳಿದರು. ದಾನಿಗಳು ಮರಳಿ ಹೋದ ಮೇಲೂ ಊರಿನಲ್ಲಿ ಉಳಿಯುವುದು ಆ ಕೈಕಸುಬು. ಬಾಳಿಕೆ ಎಂದರೆ ನನ್ನ ಲೆಕ್ಕದಲ್ಲಿ ಮೊದಲು ಇದು, ಮಿಕ್ಕದ್ದೆಲ್ಲ ಆಮೇಲೆ.

ಹಾಗೆಂದು ಎಲ್ಲವೂ ಸರಿಯಾಗಿ ನಡೆಯಿತು ಎನ್ನಲಾರೆ. ಪುನರ್ನಿರ್ಮಾಣ ಪ್ರಾಧಿಕಾರ ಕೆಲಸಕ್ಕೆ ಕೂರುವ ಹೊತ್ತಿಗೆ ಭೂಕಂಪವಾಗಿ ಎಂಟು ತಿಂಗಳಾಗಿತ್ತು. ಒಂದು ಮಳೆಗಾಲವನ್ನೂ ಒಂದು ಚಳಿಗಾಲವನ್ನೂ ಜನ ತಗಡಿನ ಅಡಿಯಲ್ಲಿ ಕಳೆದರು. ಅದೇ ಸಮಯದಲ್ಲಿ ಗಡಿಯಲ್ಲಿ ಸರಕು ಸಾಗಣೆ ನಿಂತು, ಇಂಧನಕ್ಕೂ ಔಷಧಕ್ಕೂ ಪರದಾಡುವಂತಾಯಿತು. ಲಾಲ್‌ಪುರ್ಜಾ, ಅಂದರೆ ಜಮೀನಿನ ಹಕ್ಕುಪತ್ರ ಇಲ್ಲದವರು ಅನುದಾನದ ಬಾಗಿಲಲ್ಲೇ ನಿಂತರು. ತಲೆತಲಾಂತರದಿಂದ ಅದೇ ನೆಲದಲ್ಲಿ ಬಾಳಿದವನಿಗೆ ಕಾಗದ ತೋರಿಸು ಎನ್ನುವುದು ಎಂಥ ನ್ಯಾಯ? ಅನುದಾನ ಒಂದು ಪೂರ್ತಿ ಮನೆಗೆ ಸಾಲದು. ಅಗ್ಗದ ಸಾಲ ಕಾಗದದಲ್ಲಿತ್ತು, ಬ್ಯಾಂಕುಗಳು ಕೊಡಲು ಹಿಂಜರಿದವು. ಆದ್ದರಿಂದ ಬಹಳ ಜನ ಕಂತು ತಪ್ಪಬಾರದೆಂದು ಒಂದೇ ಕೋಣೆಯ ಮನೆ ಕಟ್ಟಿ ನಿಲ್ಲಿಸಿದರು. ಅಟ್ಟದಲ್ಲಿ ಮೆಕ್ಕೆಜೋಳ, ಕೆಳಗೆ ದನಕರು, ನಡುವೆ ಒಲೆ ಎಂದು ಬದುಕುವ ರೈತ ಕುಟುಂಬ ಒಂದು ಕೋಣೆಯಲ್ಲಿ ಹೇಗೆ ಹಿಡಿಸೀತು? ಕೆಲವೆಡೆ ಹೊಸ ಕೋಣೆ ಉಗ್ರಾಣವಾಯಿತು, ಸಂಸಾರ ಬಿರುಕು ಬಿಟ್ಟ ಹಳೆಯ ಮನೆಯಲ್ಲೇ ಮುಂದುವರಿಯಿತು. ಎಂಜಿನಿಯರ್ ಗೋಡೆ ನೋಡಿದ, ಬದುಕನ್ನು ಯಾರೂ ಅಳೆಯಲಿಲ್ಲ.

ಕಠ್ಮಂಡುವಿನ ರಾಣಿ ಪೋಖರಿಯ ಕಥೆ ಬೇರೆ. ಹದಿನೇಳನೆಯ ಶತಮಾನದ ಆ ಕೆರೆಯನ್ನು ದುರಸ್ತಿ ಮಾಡುವಾಗ ಕಾಂಕ್ರೀಟು ಸುರಿಯಲು ಹೊರಟರು. ನಾಗರಿಕರು ಬೀದಿಗಿಳಿದು ತಡೆದರು. ಕೊನೆಗೆ ಇಟ್ಟಿಗೆ ಮತ್ತು ಕಪ್ಪು ಜೇಡಿಮಣ್ಣಿನಿಂದಲೇ ಕೆಲಸ ಮುಗಿದು, 2020ರಲ್ಲಿ ಕೆರೆಗೆ ಮತ್ತೆ ನೀರು ಬಂತು.

ಇನ್ನು ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಈ ಹಣ, ಈ ತರಬೇತಿ, ಈ ತಪಾಸಣೆ ಎಲ್ಲವೂ ಭೂಕಂಪ ಬಡಿದ ಜಿಲ್ಲೆಗಳಿಗೆ ಹೋದವು. ಆದರೆ ಭಾರತದ ಭೂಫಲಕ ಹಿಮಾಲಯದ ಅಡಿಗೆ ನುಗ್ಗುತ್ತಿರುವುದು ನೇಪಾಳದ ಉದ್ದಕ್ಕೂ. 2023ರ ನವೆಂಬರ್ 3ರ ರಾತ್ರಿ ಪಶ್ಚಿಮದ ಜಾಜರ್‌ಕೋಟ್ ನಡುಗಿತು. 2015ಕ್ಕೆ ಹೋಲಿಸಿದರೆ ಅದು ಬಹಳ ಚಿಕ್ಕ ಕಂಪನ. ಆದರೂ 150ಕ್ಕೂ ಹೆಚ್ಚು ಜನ ನಿದ್ದೆಯಲ್ಲಿದ್ದ ಮನೆಗಳಡಿಯಲ್ಲೇ ಸತ್ತರು. ಅವೂ ಕಲ್ಲು ಮಣ್ಣಿನ ಮನೆಗಳು. ಉದ್ದ ಕಲ್ಲಿಲ್ಲ, ಪಟ್ಟಿಯಿಲ್ಲ. ಏನು ಮಾಡಬೇಕೆಂದು ಎಂಟು ವರ್ಷಗಳಿಂದ ಗೊತ್ತಿತ್ತು. ಗೋರ್ಖಾದಲ್ಲಿ, ಸಿಂಧುಪಾಲ್ಚೋಕ್‌ನಲ್ಲಿ ಕಲಿತ ಮೇಸ್ತ್ರಿಗಳು ಇದ್ದರು. ಅವರನ್ನು ಪಶ್ಚಿಮದ ಬೆಟ್ಟಗಳಿಗೆ ಕಳುಹಿಸಿ, ಇನ್ನೂ ನಿಂತಿರುವ ಮನೆಗಳಿಗೆ ಪಟ್ಟಿ ಬಿಗಿಸುವ ಕೆಲಸಕ್ಕೆ ಅನುದಾನ ಕೊಡಬೇಕು. ಕುಸಿದ ಮನೆಗೆ ಕೊಡುವ ಹಣವನ್ನು ನಿಂತ ಮನೆಗೂ ಕೊಡಬಹುದೆಂದು ಸರ್ಕಾರವೂ ದಾನಿ ದೇಶಗಳೂ ಒಪ್ಪಿದರೆ, ಆ ಕೆಲಸ ಮುಂದಿನ ಮಳೆಗಾಲ ಕಳೆದ ಕೂಡಲೇ ಶುರುವಾಗಬಲ್ಲದು.

ನಮಸ್ಕಾರ.