ಮನೆಯಲ್ಲೇ ಕಾರಿನ ಬ್ಯಾಡ್ಜ್ ಬದಲಿಸೋಣ

ಕೇಳುಗರಿಗೆ ನಮಸ್ಕಾರ.

ನಿಮ್ಮ ಕಾರಿನ ಡಿಕ್ಕಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ಕಂಪನಿಯ ಲೋಗೋ. ಒಂದು ಬದಿಗೆ ಕಾರಿನ ಹೆಸರು. ಇನ್ನೊಂದು ಬದಿಗೆ ವಿಎಕ್ಸ್‌ಐ, ಝಡ್‌ಎಕ್ಸ್‌ಐ ಅಂತ ಮಾದರಿ ಹೇಳುವ ಮೂರು ನಾಲ್ಕು ಅಕ್ಷರ. ಕೆಳಗೆಲ್ಲೋ, ನೀವು ಕೇಳದೇ ಇದ್ದರೂ, ಕಾರು ಮಾರಿದ ಶೋರೂಮಿನ ಹೆಸರು. ಕಾರಿಗೆ ವಯಸ್ಸಾಗುತ್ತಿದ್ದ ಹಾಗೆ ಇವು ಕೆಡುತ್ತವೆ. ಕ್ರೋಮ್ ಸಿಪ್ಪೆ ಏಳುತ್ತದೆ. ಒಂದು ಅಕ್ಷರ ಎಲ್ಲೋ ಬಿದ್ದುಹೋಗುತ್ತದೆ. ಹಿಂದಿನಿಂದ ಸ್ಕೂಟರ್ ತಾಗಿ ಡಿಕ್ಕಿಗೆ ಬಣ್ಣ ಹೊಡೆಸಿದರೆ, ಕಾರಿನ ಹೆಸರು ಸೊಟ್ಟಗೆ ಕೂತು ಮನೆಗೆ ಬರುವುದೂ ಉಂಟು.

ಈ ಬ್ಯಾಡ್ಜ್‌ಗಳನ್ನು ಮನೆಯಲ್ಲೇ ತೆಗೆದು ಹೊಸದು ಹಾಕಿಕೊಳ್ಳಬಹುದು. ಒಂದು ಭಾನುವಾರದ ಬೆಳಗ್ಗೆ ಸಾಕು. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬ್ಯಾಡ್ಜ್ ಮುರಿದರೆ ಹೊಸದು ಸಿಗುತ್ತದೆ. ಅದರ ಸುತ್ತಲ ಬಣ್ಣ ಕಿತ್ತುಹೋದರೆ ಇಡೀ ಡಿಕ್ಕಿ ಬಾಗಿಲಿಗೆ ಬಣ್ಣ ಹೊಡೆಸಬೇಕಾಗುತ್ತದೆ. ಹಾಗಾಗಿ ಇಲ್ಲಿ ಕಾಪಾಡಬೇಕಾದದ್ದು ಬಣ್ಣವನ್ನು.

ಆ ಬಣ್ಣ ಎಷ್ಟು ದಪ್ಪ ಇರುತ್ತದೆ ಗೊತ್ತಾ? ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪು ಕೊಡುವ ಕ್ಲಿಯರ್ ಕೋಟ್. ನಾಲ್ಕೂ ಸೇರಿದರೆ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಇಲ್ಲವೇ ಅದಕ್ಕಿಂತ ಸ್ವಲ್ಪ ಜಾಸ್ತಿ. ಸ್ಕ್ರೂಡ್ರೈವರ್ ತುದಿ ಒಮ್ಮೆ ಜಾರಿದರೆ ಸಾಕು, ಬಿಳಿ ತಗಡು ಕಾಣುತ್ತದೆ. ಮಳೆಗಾಲದಲ್ಲಿ ತುಕ್ಕು ಶುರುವಾಗುವುದು ಅಲ್ಲಿಂದಲೇ. ಆದ್ದರಿಂದ ಸ್ಕ್ರೂಡ್ರೈವರ್, ಬ್ಲೇಡು, ಅಡುಗೆಮನೆ ಚಾಕು, ಮೂರನ್ನೂ ದೂರ ಇಡಿ.

ಈಗಿನ ಬ್ಯಾಡ್ಜ್‌ಗಳು ಬಹುಪಾಲು ಎಬಿಎಸ್ ಪ್ಲಾಸ್ಟಿಕ್‌ನವು. ಮೇಲೆ ಕ್ರೋಮ್ ಲೇಪ ಇರುತ್ತದೆ. ಹಿಂಬದಿಗೆ ಎರಡೂ ಕಡೆ ಅಂಟುವ ಫೋಮ್ ಟೇಪ್. ಹೆಚ್ಚಿನವು ಈ ಟೇಪಿನ ಬಲದಲ್ಲೇ ನಿಂತಿರುತ್ತವೆ. ಕೆಲವಕ್ಕೆ ಮಾತ್ರ ಹಿಂದೆ ಎರಡು ಸಣ್ಣ ಮೊಳೆಯಂಥ ಪಿನ್ ಇದ್ದು, ತಗಡಿನ ತೂತಿನೊಳಗೆ ಕೂತಿರುತ್ತವೆ. ನಿಮ್ಮದರಲ್ಲಿ ಪಿನ್ ಇದೆಯೋ ಇಲ್ಲವೋ ಅಂತ ತಿಳಿಯಲು ಸುಲಭದ ದಾರಿ ಇದೆ. ಹಳೆಯದಕ್ಕೆ ಕೈ ಹಾಕುವ ಮೊದಲೇ ಹೊಸದನ್ನು ಕೊಂಡು ತನ್ನಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಇದೆ, ಉಳಿದವರಿಗೆ ಕಂಪನಿಯ ಬಿಡಿಭಾಗದ ಅಂಗಡಿ ಇದೆ. ತಂದದ್ದನ್ನು ತಿರುಗಿಸಿ ನೋಡಿ. ಹೊಸದರ ಬೆನ್ನಲ್ಲಿ ಪಿನ್ ಇದ್ದರೆ ಹಳೆಯದರಲ್ಲೂ ಇರುತ್ತದೆ. ಹೊಸದು ಹಾಕುವುದಿಲ್ಲ, ಸುಮ್ನೆ ಹಳೆಯದನ್ನು ತೆಗೆದುಬಿಡುತ್ತೇನೆ ಅನ್ನುವವರು ಪಿನ್ ಇದ್ದರೆ ಕೈ ಹಾಕದಿರುವುದೇ ಒಳ್ಳೆಯದು. ತೂತು ಹಾಗೇ ಉಳಿದು ನೀರು ಒಳಗೆ ಇಳಿಯುತ್ತದೆ. ಅದನ್ನು ಮುಚ್ಚಲು ಟಿಂಕರಿಂಗ್, ಬಣ್ಣ ಎರಡೂ ಬೇಕಾಗುತ್ತದೆ.

ಮೊದಲು ಕಾರನ್ನು ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಬ್ಯಾಡ್ಜ್ ಬಿಡಿಸುವುದು ಅದರ ಹಿಂದೆ ದಾರ ಎಳೆದು. ನಮ್ಮ ರಸ್ತೆಗಳ ಧೂಳು ಆ ದಾರದ ಜೊತೆ ಉಜ್ಜಿದರೆ ಮರಳುಕಾಗದದ ಕೆಲಸ ಮಾಡಿಬಿಡುತ್ತದೆ. ಒರೆಸಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪ್ ತೆಗೆದುಕೊಳ್ಳಿ. ಹಳೆಯ ಬ್ಯಾಡ್ಜಿನ ಕೆಳಗಡೆ ಅದರ ಅಂಚಿಗೆ ಸರಿಯಾಗಿ ಒಂದು ಪಟ್ಟಿ, ಪಕ್ಕಕ್ಕೆ ಒಂದು ಪಟ್ಟಿ ಅಂಟಿಸಿ. ಬಿಡಿ ಬಿಡಿ ಅಕ್ಷರಗಳಾದರೆ, ಅವುಗಳ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಅಕ್ಷರಗಳ ನಡುವಿನ ಅಂತರ ಕಣ್ಣಳತೆಗೆ ಸಿಗುವುದಿಲ್ಲ. ಮೊಬೈಲಿನಲ್ಲಿ ನೇರ ಎದುರಿಂದ ಒಂದು ಫೋಟೋ ಕೂಡ ಇರಲಿ. ಬ್ಯಾಡ್ಜ್ ಕಿತ್ತ ಮೇಲೆ ಜಾಗ ಹುಡುಕುತ್ತಾ ನಿಂತವರನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಅಂಟು ಸಡಿಲವಾಗಲು ಬ್ಯಾಡ್ಜನ್ನು ಬಿಸಿ ಮಾಡುವ ಕೆಲಸ. ಕೂದಲು ಒಣಗಿಸುವ ಹೇರ್ ಡ್ರೈಯರ್ ಸಾಕು. ನಾಲ್ಕು ಬೆರಳಿನಷ್ಟು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ, ಎರಡು ಮೂರು ನಿಮಿಷ ಆಡಿಸುತ್ತಿರಿ. ಮುಟ್ಟಿದರೆ ಬೆರಳು ಸ್ವಲ್ಪ ಹೊತ್ತು ತಡೆದುಕೊಳ್ಳುವಷ್ಟು ಬಿಸಿ ಆದರೆ ಸರಿ. ಗ್ಯಾರೇಜಿನ ಹೀಟ್ ಗನ್ ನೂರಾರು ಡಿಗ್ರಿ ಬಿಸಿ ಉಗುಳುತ್ತದೆ. ಕೈ ಪಳಗದವರು ಅದನ್ನು ಹಿಡಿದರೆ ಬಣ್ಣ ಗುಳ್ಳೆ ಏಳುತ್ತದೆ. ನನ್ನನ್ನು ಕೇಳಿದರೆ ಮನೆ ಕೆಲಸಕ್ಕೆ ಅದು ಬೇಡವೇ ಬೇಡ.

ಬಿಸಿ ಆರುವ ಮೊದಲು ದಾರ ಹಾಕಬೇಕು. ಮೀನು ಹಿಡಿಯುವ ಗಾಳದ ನೈಲಾನ್ ದಾರ ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ಆಗುತ್ತದೆ. ಗಾಳಿಪಟದ ಮಾಂಜಾ ದಾರ ಮಾತ್ರ ಖಂಡಿತ ಬೇಡ. ಅದಕ್ಕೆ ಬಳಿದ ಗಾಜಿನ ಪುಡಿ ಕ್ಲಿಯರ್ ಕೋಟನ್ನು ಗೀರಿಹಾಕುತ್ತದೆ, ನಿಮ್ಮ ಬೆರಳನ್ನೂ ಬಿಡುವುದಿಲ್ಲ. ದಾರದ ಎರಡೂ ತುದಿಯನ್ನು ಎರಡು ಸಣ್ಣ ಕಡ್ಡಿಗೆ ಸುತ್ತಿ ಹಿಡಿಯಿರಿ. ಬ್ಯಾಡ್ಜಿನ ಮೇಲಂಚಿನಿಂದ ಹಿಂದಕ್ಕೆ ತೂರಿಸಿ, ಗರಗಸ ಎಳೆದ ಹಾಗೆ ಅತ್ತ ಇತ್ತ ಎಳೆಯುತ್ತಾ ಕೆಳಗೆ ಬನ್ನಿ. ದಾರ ಕೊಯ್ಯುವುದು ಫೋಮನ್ನು, ಬಣ್ಣಕ್ಕೆ ಏನೂ ಆಗುವುದಿಲ್ಲ. ಬಿಗಿಯಾಯಿತು ಅನ್ನಿಸಿದರೆ ಎಳೆದಾಡಬೇಡಿ, ಮತ್ತೆ ಬಿಸಿ ಮಾಡಿ. ಪಿನ್ ಇರುವ ಬ್ಯಾಡ್ಜ್ ಆದರೆ ದಾರ ಪಿನ್ ಹತ್ತಿರ ನಿಲ್ಲುತ್ತದೆ. ಸುತ್ತಲ ಟೇಪ್ ಬಿಟ್ಟ ಮೇಲೆ ಬೆರಳಿನಿಂದ ನೇರವಾಗಿ ಹೊರಕ್ಕೆ ಎಳೆದರೆ ಬರುತ್ತದೆ.

ಮೊದಲ ಸಲ ಮಾಡುವವರು ಶೋರೂಮಿನ ಹೆಸರಿನಿಂದ ಶುರುಮಾಡಿ. ಲಕ್ಷಗಟ್ಟಲೆ ಕೊಟ್ಟು ಕೊಂಡ ಕಾರಿನ ಮೇಲೆ ಅವರ ಜಾಹೀರಾತನ್ನು ನೀವು ಹೊತ್ತು ತಿರುಗಬೇಕು ಅಂತ ಏನೂ ಇಲ್ಲ. ಅದು ಬರೀ ಸ್ಟಿಕ್ಕರ್ ಆದರೆ ದಾರವೂ ಬೇಡ. ಬಿಸಿ ಮಾಡಿ, ಒಂದು ಮೂಲೆ ಎಬ್ಬಿಸಿ, ಬಾಗಿಸಿಕೊಂಡು ನಿಧಾನವಾಗಿ ಎಳೆಯಿರಿ.

ಬ್ಯಾಡ್ಜ್ ಬಂತು. ಫೋಮಿನ ಚೂರು, ಅಂಟು ಉಳಿದಿರುತ್ತದೆ. ಇದು ಬೇಜಾರಿನ ಕೆಲಸ, ಆದರೆ ಅವಸರ ಕೂಡದು. ಹೆಬ್ಬೆರಳಿನಿಂದ ಉರುಳಿಸಿದರೆ ಹೆಚ್ಚಿನದು ಉಂಡೆಯಾಗಿ ಬರುತ್ತದೆ. ಉಳಿದದ್ದಕ್ಕೆ ನೀಲಗಿರಿ ಎಣ್ಣೆ. ನೆಗಡಿಗೆ ಅಂತ ಮನೆಯಲ್ಲಿ ಇಟ್ಟಿರುತ್ತೀರಲ್ಲ, ಅದೇ. ಹತ್ತಿಯಲ್ಲಿ ಅದ್ದಿ ಅಂಟಿನ ಮೇಲೆ ಎರಡು ನಿಮಿಷ ಇಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆಯೂ ನಡೆಯುತ್ತದೆ. ಥಿನ್ನರ್ ಮತ್ತು ಉಗುರು ಬಣ್ಣ ತೆಗೆಯುವ ದ್ರವ ಬೇಡ. ಗ್ಯಾರೇಜಿನಲ್ಲಿ ಮರು ಬಣ್ಣ ಹೊಡೆಸಿದ ಜಾಗವಾದರೆ ಅವು ಬಣ್ಣವನ್ನೇ ಕರಗಿಸಬಹುದು.

ಅಂಟು ಹೋದ ಮೇಲೆ ಕೆಲವರಿಗೆ ಗಾಬರಿಯಾಗುತ್ತದೆ. ಅಕ್ಷರ ತೆಗೆದರೂ ಅದರ ನೆರಳು ಉಳಿದಿರುತ್ತದೆ. ಸುತ್ತಲಿನ ಬಣ್ಣ ವರ್ಷಗಟ್ಟಲೆ ಬಿಸಿಲಿಗೆ ಮಾಸಿರುತ್ತದೆ, ಬ್ಯಾಡ್ಜಿನ ಅಡಿಯದು ಹೊಸದರಂತೆ ಇರುತ್ತದೆ. ಕೆಂಪು ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ. ನಯವಾದ ಪಾಲಿಷ್ ಹಾಕಿ ಕೈಯಲ್ಲೇ ಉಜ್ಜಿದರೆ ತುಂಬಾ ಕಡಿಮೆಯಾಗುತ್ತದೆ. ಹತ್ತು ಹದಿನೈದು ವರ್ಷದ ಕೆಂಪು ಕಾರಿನಲ್ಲಿ ಪೂರ್ತಿ ಹೋಗದೇ ಇರಬಹುದು. ಅದೇ ಅಳತೆಯ ಹೊಸ ಬ್ಯಾಡ್ಜ್ ಹಾಕಿದರೆ ಆ ನೆರಳು ಅದರಡಿಯಲ್ಲೇ ಮುಚ್ಚಿಹೋಗುತ್ತದೆ.

ಇನ್ನು ಅಂಟಿಸುವುದು. ನೀಲಗಿರಿ ಎಣ್ಣೆ, ಪಾಲಿಷ್, ಯಾವುದರ ಜಿಡ್ಡೂ ಉಳಿಯಬಾರದು. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಅರ್ಧದಷ್ಟು ನೀರು ಬೆರೆಸಿ ಒರೆಸಿ. ಆಮೇಲೆ ಆ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ. ಹಳೆಯ ಬ್ಯಾಡ್ಜನ್ನೇ ಮತ್ತೆ ಹಾಕುವವರು ಬೆನ್ನಿನ ಹಳೆ ಟೇಪನ್ನು ಪೂರ್ತಿ ತೆಗೆದು, ಕಾರಿಗೆಂದೇ ಬರುವ ಆಕ್ರಿಲಿಕ್ ಫೋಮ್ ಟೇಪ್ ಕತ್ತರಿಸಿ ಹಾಕಿ. 3ಎಂ ಕಂಪನಿಯ ವಿಎಚ್‌ಬಿ ಅಂತ ಕೇಳಿದರೆ ಕೊಡುತ್ತಾರೆ. ಗೋಡೆಗೆ ಕೊಕ್ಕೆ ಅಂಟಿಸುವ ಅಗ್ಗದ ಬಿಳಿ ಟೇಪ್ ಮಳೆ, ಬಿಸಿಲಿಗೆ ತಡೆಯುವುದಿಲ್ಲ.

ಈ ಟೇಪಿಗೆ ಹದವಾದ ಬಿಸಿ ಬೇಕು. 21ರಿಂದ 38 ಡಿಗ್ರಿ ಒಳ್ಳೆಯದು. ಬೆಂಗಳೂರಿನ ಜನವರಿ ಮುಂಜಾನೆ ಅದಕ್ಕಿಂತ ತಣ್ಣಗಿರುತ್ತದೆ, ಬಿಸಿಲು ಏರಲು ಬಿಡಿ. ಕಲಬುರಗಿ, ರಾಯಚೂರಿನವರು ಮೇ ತಿಂಗಳಲ್ಲಿ ಬೆಳಗ್ಗೆ ಬೇಗ ನೆರಳಿನಲ್ಲಿ ಮಾಡಿ, ಮಧ್ಯಾಹ್ನದ ತಗಡು ಮುಟ್ಟಲಿಕ್ಕೇ ಆಗುವುದಿಲ್ಲ. ಮಲೆನಾಡಿನವರು ಮಳೆ ಬಿಡುವವರೆಗೆ ಕಾಯುವುದೇ ವಾಸಿ.

ಟೇಪಿನ ಹಾಳೆಯನ್ನು ಒಂದೇ ಸಲ ಪೂರ್ತಿ ಬಿಡಿಸಬೇಡಿ. ಅಂಚುಗಳನ್ನು ಮಾತ್ರ ಸ್ವಲ್ಪ ಬಿಡಿಸಿ ಹೊರಕ್ಕೆ ಮಡಚಿ. ಬ್ಯಾಡ್ಜನ್ನು ಮಾಸ್ಕಿಂಗ್ ಟೇಪಿನ ಗುರುತಿಗೆ ಕೂರಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ಸರಿ ಅನ್ನಿಸಿದ ಮೇಲೆ ಒಂದು ಕೈಯಲ್ಲಿ ಹಿಡಿದು, ಆ ಹಾಳೆಗಳನ್ನು ಹೊರಗೆಳೆಯಿರಿ. ಆಮೇಲೆ ಎಲ್ಲ ಕಡೆ ಗಟ್ಟಿಯಾಗಿ ಒತ್ತಿ. ಇಪ್ಪತ್ತು ನಿಮಿಷದಲ್ಲಿ ಸುಮಾರು ಅರ್ಧ ಬಲ, ಒಂದು ದಿನದಲ್ಲಿ ಮುಕ್ಕಾಲಿಗಿಂತ ಜಾಸ್ತಿ, 72 ಗಂಟೆಯಲ್ಲಿ ಪೂರ್ತಿ ಬಲ ಬರುತ್ತದೆ. ಅಲ್ಲಿಯವರೆಗೆ ಪ್ರೆಶರ್ ವಾಷ್ ಬೇಡ. ಆಯುಧಪೂಜೆಗೆ ಅಂತ ಮಾಡುವವರು ಹಬ್ಬಕ್ಕೆ ಮೂರು ದಿನ ಮುಂಚೆಯೇ ಮುಗಿಸಿ, ಯಾಕೆಂದರೆ ಅವತ್ತು ಬೆಳಗ್ಗೆ ಎಲ್ಲರೂ ಕಾರು ತೊಳೆಯುತ್ತಾರೆ, ಅಲ್ವಾ?

ಮುಂದಿನ ಗ್ರಿಲ್‌ನಲ್ಲಿರುವ ಲೋಗೋ ಬೇರೆ ಕಥೆ. ಅದು ಹೆಚ್ಚಾಗಿ ಹಿಂದಿನಿಂದ ಕ್ಲಿಪ್ ಹಾಕಿ ಕೂರಿಸಿದ್ದು. ಹೊರಗಿನಿಂದ ಮೀಟಿದರೆ ಕ್ಲಿಪ್ ಮುರಿಯುತ್ತದೆ. ಕೆಲವು ಹೊಸ ಕಾರುಗಳಲ್ಲಿ ಆ ಲೋಗೋದ ಹಿಂದೆಯೇ ರೇಡಾರ್ ಇರುತ್ತದೆ. ಮುಂದಿನ ವಾಹನದ ದೂರ ಅಳೆಯುವುದು ಅದೇ. ಅಂಥ ಲೋಗೋವನ್ನು ಬದಲಿಸುವುದು, ಅದರ ಮೇಲೆ ಬಣ್ಣ ಬಳಿಯುವುದು ಮನೆಯ ಕೆಲಸವಲ್ಲ, ಸರ್ವಿಸ್ ಸೆಂಟರಿಗೆ ಬಿಡಿ.

ಬ್ಯಾಡ್ಜಿಗೆ ಮಾರುಕಟ್ಟೆಯಲ್ಲಿ ಎಂಥ ಬೆಲೆ ಇದೆ ಅನ್ನುವುದಕ್ಕೆ ನಮ್ಮ ಬಿಡದಿಯೇ ಸಾಕ್ಷಿ. ಅಲ್ಲಿನ ಟೊಯೋಟಾ ಕಾರ್ಖಾನೆಯಲ್ಲಿ 2022ರಿಂದ ಟೊಯೋಟಾ ಹೈರೈಡರ್, ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಎರಡೂ ತಯಾರಾಗುತ್ತಿವೆ. ಒಳಗಿನ ಅಡಿಪಾಯ ಒಂದೇ, ಹೆಸರು ಎರಡು. ಹೆಸರು ನೋಡಿ ಜನ ಹಣ ಕೊಡುತ್ತಾರೆ. ಹಾಗಿರುವಾಗ ಕಡಿಮೆ ಮಾದರಿಯ ಕಾರಿಗೆ ಮೇಲಿನ ಮಾದರಿಯ ಅಕ್ಷರ ಅಂಟಿಸಿ ಮಾರುವುದು ಮೋಸ. ಹಳೆಯ ಕಾರು ಕೊಳ್ಳುವವರು ಡಿಕ್ಕಿಯ ಅಕ್ಷರ ನಂಬದೆ ಆರ್‌ಸಿ ತೆಗೆಸಿ ನೋಡಿ.

ಕೊನೆಯದಾಗಿ, ನಾಲ್ಕನೆಯ ದಿನ ಬ್ಯಾಡ್ಜಿನ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಎಲ್ಲಾದರೂ ಎದ್ದಿದ್ದರೆ ಫೆವಿಕ್ವಿಕ್ ಸುರಿಯಬೇಡಿ. ಅದು ಕ್ರೋಮ್ ಮೇಲೆ ಬಿಳಿ ಮಂಜು ಕಟ್ಟುತ್ತದೆ, ಮುಂದೆ ತೆಗೆಯುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಸ್ವಲ್ಪ ಬಿಸಿ ಮಾಡಿ ಒತ್ತಿ ಹಿಡಿಯಿರಿ. ಆಗಲೂ ಕೂರದಿದ್ದರೆ ತೆಗೆದು ಹೊಸ ಟೇಪ್ ಹಾಕಿ ಅಂಟಿಸಿ. ನಮಸ್ಕಾರ.